ಎತ್ತುವ ಮುನ್ನ ಒಂದು ನಿಮಿಷ



ಕಳೆದ ಜನವರಿಯ ಒಂದು ರಾತ್ರಿ ನಾವು ಮಾಡಿದ್ದನ್ನು ಹೇಳಿಕೊಳ್ಳದೆ ಈ ಬರಹ ಮುಂದೆ ಹೋಗುವುದಿಲ್ಲ. ಉಮರ್ಗಾ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಗೆಳೆಯನ ಸಂಬಂಧಿಕರ ಮದುವೆ ಇತ್ತು. ಊಟ ಮುಗಿಸಿ ನಾಲ್ಕು ಬೈಕುಗಳಲ್ಲಿ ಬಸವಕಲ್ಯಾಣದ ಕಡೆ ಹೊರಟಾಗ ಹತ್ತು ಗಂಟೆ ದಾಟಿತ್ತು. ಕಬ್ಬಿನ ಹಂಗಾಮು. ರಸ್ತೆಯಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು. ಹಿಂದೆ ಕೆಂಪು ದೀಪವಿಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಮುಂದಿದ್ದ ನಮ್ಮವನಿಗೆ ಕಬ್ಬು ಕಾಣಿಸಿದ್ದು ಬಡಿದ ಮೇಲೆಯೇ.

ನಾವು ಏಳು ಜನ ಓಡಿದೆವು. ಒಬ್ಬ ಅವನ ಹೆಲ್ಮೆಟ್ ಎಳೆದು ತೆಗೆದ. ಇನ್ನೊಬ್ಬ ಬಾಟಲಿಯಿಂದ ಬಾಯಿಗೆ ನೀರು ಸುರಿದ. ಒಬ್ಬ 108ಕ್ಕೆ ಕರೆ ಮಾಡಿದ. ಆ ಕಡೆಯಿಂದ ಮರಾಠಿಯಲ್ಲಿ ಜಾಗ ಯಾವುದು ಎಂದು ಕೇಳಿದರು. ಅದು ಯಾವ ಊರಿನ ಸರಹದ್ದು ಎಂಬುದೇ ನಮಗೆ ಗೊತ್ತಿರಲಿಲ್ಲ. ಎರಡು ನಿಮಿಷ ತಡವರಿಸಿ ಫೋನ್ ಇಟ್ಟುಬಿಟ್ಟೆವು. ಅಷ್ಟರಲ್ಲಿ ಒಂದು ಕ್ರೂಸರ್ ಗಾಡಿ ನಿಂತಿತು. ಇಬ್ಬರು ತೋಳು ಹಿಡಿದೆವು, ಇಬ್ಬರು ಕಾಲು ಹಿಡಿದೆವು, ಜೋಳದ ಚೀಲ ಎತ್ತಿದ ಹಾಗೆ ಎತ್ತಿ, ಮಡಚಿ, ಹಿಂದಿನ ಸೀಟಿನಲ್ಲಿ ತುರುಕಿದೆವು. ದಾರಿಯುದ್ದಕ್ಕೂ ಜಪಮಾಲೆ ಹೇಳಿದೆವು.

ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ಹಾಗೆಯೇ ಇಳಿಸಲು ಹೊರಟಾಗ ರಾತ್ರಿ ಪಾಳಿಯ ಸಿಸ್ಟರ್ ಒಳಗಿನಿಂದಲೇ ಕೂಗಿದರು: "ಹಾತ್ ಲಾವೂ ನಕಾ!" ಮುಟ್ಟಬೇಡಿ ಎಂದು. ಆಮೇಲೆ ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದರು. ಅವರ ತವರು ಭಾಲ್ಕಿ ಕಡೆಯಂತೆ. "ಯಾರ್ ಎತ್ತೀರಿ ಇವಂಗ? ಹ್ಯಾಂಗ್ ಎತ್ತೀರಿ?" ಎಂದು ಕೇಳಿದರು. ನಾವು ಹೇಳಿದೆವು. ಅವರು ಮರುಮಾತು ಆಡಲಿಲ್ಲ.

ನಮ್ಮ ಗೆಳೆಯ ಬದುಕಿದ್ದಾನೆ. ಸೊಂಟದ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದದ್ದು ಟ್ರಾಲಿಗೆ ಬಡಿದಾಗಲೋ ನಾವು ಎತ್ತಿದಾಗಲೋ ಎಂದು ಯಾವ ಡಾಕ್ಟರೂ ನಮಗೆ ಹೇಳಿಲ್ಲ. ನಾವು ಕೇಳಿಯೂ ಇಲ್ಲ. ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಅಂದು ಆ ಸಿಸ್ಟರ್ ಮಾಡಿದ್ದನ್ನು ನಾವು ಬಾಗಿಲ ಸಂದಿನಿಂದ ನೋಡಿದೆವು. ಆಗ ಅದು ನಮಗೆ ಅರ್ಥವಾಗಿರಲಿಲ್ಲ. ಆಮೇಲೆ ನಮ್ಮ ಧರ್ಮಕೇಂದ್ರದಲ್ಲೇ ನರ್ಸಿಂಗ್ ಓದಿದ ಅಕ್ಕಂದಿರನ್ನು ಕೂರಿಸಿಕೊಂಡು ಒಂದೊಂದಾಗಿ ಕೇಳಿ ತಿಳಿದೆವು. ಗಾಯಾಳು ಬಂದ ಕೂಡಲೆ ಅವರು ನೋಡುವುದು ರಕ್ತ ಚಿಮ್ಮುತ್ತಿದೆಯೇ, ಉಸಿರಿನ ದಾರಿ ತೆರೆದಿದೆಯೇ ಎಂಬುದನ್ನು. ಎಚ್ಚರ ತಪ್ಪಿದವನ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚಬಹುದು. ಕುತ್ತಿಗೆಗೆ ಪೆಟ್ಟಾಗಿರಬಹುದಾದವನ ತಲೆಯನ್ನು ಹಿಂದಕ್ಕೆ ಬಾಗಿಸದೆ, ದವಡೆಯನ್ನಷ್ಟೇ ಎರಡೂ ಕೈಯಿಂದ ಮುಂದಕ್ಕೆ ತಳ್ಳಿ ಆ ದಾರಿ ಬಿಡಿಸುತ್ತಾರೆ. ಎರಡೂ ಕೈಗಳ ರಕ್ತನಾಳಕ್ಕೆ ದಪ್ಪ ಸೂಜಿ ಹಾಕುತ್ತಾರೆ. ಸಣ್ಣ ಸೂಜಿಯಲ್ಲಿ ಸಲೈನ್ ಬೇಗ ಇಳಿಯುವುದಿಲ್ಲ, ಸ್ವಲ್ಪ ಹೊತ್ತಾದರೆ ನಾಳವೇ ಕುಸಿದು ಸೂಜಿ ಹಿಡಿಯುವುದಿಲ್ಲ. ಬಟ್ಟೆ ಬಿಚ್ಚುವುದಿಲ್ಲ, ಕತ್ತರಿಯಿಂದ ಕತ್ತರಿಸುತ್ತಾರೆ. ಬೆನ್ನ ಹಿಂದೆಯೂ ಗಾಯವಿರಬಹುದಲ್ಲ! ನೋಡಿದ ಕೂಡಲೆ ಕಂಬಳಿ ಹೊದಿಸುತ್ತಾರೆ. ಈ ಕಂಬಳಿ ಮರ್ಯಾದೆಗೆ ಮಾತ್ರ ಎಂದು ನಾವು ತಿಳಿದಿದ್ದೆವು. ಅಲ್ಲ, ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಸೋರುವುದು ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ನಮಗೆ ಹೊಸದು. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ ಒಂದಿದೆ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಾದರೆ ಹೆಂಗಸರಿಗೆ ಇದೇ ಔಷಧದ ಮಾತ್ರೆ ಕೊಡುತ್ತಾರೆ. ಅಪಘಾತದಲ್ಲಿ ರಕ್ತ ಸೋರುತ್ತಿರುವವರಿಗೆ ಮೂರು ಗಂಟೆಯೊಳಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಎಂದು 40 ದೇಶಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2010ರಲ್ಲಿ ತೋರಿಸಿತು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಉಪಯೋಗವಿಲ್ಲ, ಹಾನಿಯೂ ಆಗಬಹುದು. ಹಾಗಾಗಿ ಅಪಘಾತ ಎಷ್ಟು ಗಂಟೆಗೆ ಆಯಿತು ಎಂಬ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದೂ ಗೆಳೆಯರ ಕೆಲಸ. ಆ ರಾತ್ರಿ ಅದನ್ನು ಕೇಳಿದಾಗ ನಾವು ಏಳು ಜನ ಏಳು ಹೊತ್ತು ಹೇಳಿದ್ದೆವು.

ಉಮರ್ಗಾ, ನಿಲಂಗಾ, ಉದಗೀರ ನಮಗೆ ಪರಊರುಗಳಲ್ಲ. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ನಮ್ಮ ಬೀದರ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಹೆಣ್ಣು ಕೊಡುವುದು ತರುವುದು, ದನದ ಸಂತೆ, ಸೋಯಾ ಮಾರುವುದು, ಕಬ್ಬು ಕಡಿಯಲು ಹೋಗುವುದು ಎಲ್ಲ ಆಚೆ ಈಚೆ ನಡೆದೇ ಇದೆ. ಹೈದರಾಬಾದ್–ಸೋಲಾಪುರ ಹೆದ್ದಾರಿ ಹುಮನಾಬಾದ ದಾಟಿ ಉಮರ್ಗಾ ಮೂಲಕವೇ ಹೋಗುತ್ತದೆ. ಈ ಮೂರೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಆದರೆ ತಲೆಯ ಶಸ್ತ್ರಚಿಕಿತ್ಸೆಯೋ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯೋ ಬೇಕೆಂದರೆ ಸೋಲಾಪುರ, ಲಾತೂರು, ಬೀದರ ಅಥವಾ ಕಲಬುರಗಿ. ಎಲ್ಲಿಗೆ ಹೊರಟರೂ ಗಂಟೆಯ ಲೆಕ್ಕ. ಆ ಗಂಟೆಯಲ್ಲಿ ಗಾಯಾಳುವಿನ ಪ್ರಾಣ ಎರಡೇ ಜನರ ಕೈಯಲ್ಲಿ ಇರುತ್ತದೆ, ರಸ್ತೆಯಲ್ಲಿ ಮೊದಲು ಮುಟ್ಟಿದವರ ಕೈಯಲ್ಲಿ ಮತ್ತು ಸಣ್ಣ ಊರಿನ ಆಸ್ಪತ್ರೆಯ ರಾತ್ರಿ ಪಾಳಿಯ ನರ್ಸಿನ ಕೈಯಲ್ಲಿ. ಇವರಿಬ್ಬರಿಗೂ ಕೆಲಸ ಗೊತ್ತಿರಬೇಕು ಎಂಬುದೇ ನಮ್ಮ ವಾದ. ದೊಡ್ಡ ಆಸ್ಪತ್ರೆ ಬರಲಿ ಎಂದು ಎಲ್ಲರೂ ಕೇಳುತ್ತಾರೆ. ಬರಲಿ, ಬೇಡ ಎನ್ನುವವರು ಯಾರು? ಆದರೆ ಅದಕ್ಕೂ ಮೊದಲು ಬೇಕಾದದ್ದು ಇದು.

ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತು. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ತಡವಾಗಿ ಮಲಗಿದ್ದ ಊರುಗಳು. ಲಾತೂರು ಜಿಲ್ಲೆಯ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ್, ಹೋಳಿ, ಪೇಟ್ ಸಾಂಗವಿ. ಭೂಕಂಪದ ಪ್ರಮಾಣ 6.2 ಅಷ್ಟೇ ಇದ್ದರೂ ಸತ್ತವರ ಸಂಖ್ಯೆ ಹತ್ತು ಸಾವಿರದ ಸನಿಹ ಹೋಯಿತು. ಕಾರಣ ನಮ್ಮ ಕಡೆಯೂ ಇರುವಂಥ ಮನೆಗಳೇ: ಮಣ್ಣಿನಲ್ಲಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಪ್ರತಿ ವರ್ಷ ಮಣ್ಣು ಹಾಕಿ ಹಾಕಿ ಭಾರವಾದ ಮಾಳಿಗೆ. ಬೀದರ ಕಡೆಯೂ ಪಾತ್ರೆಗಳು ಉರುಳಿದ್ದವು ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಮೇಲಿಂದ ಮಳೆ ಹಿಡಿಯಿತು. ಸೈನ್ಯ ಬಂತು, ಡಾಕ್ಟರುಗಳು ಬಂದರು. ಆದರೆ ಮೊದಲ ಗಂಟೆಗಳಲ್ಲಿ ಕಲ್ಲು ಎತ್ತಿದವರು ಪಕ್ಕದ ಮನೆಯವರು, ಪಕ್ಕದ ಊರಿನವರು, ಬರಿಗೈಯಲ್ಲಿ.

ಆಗ ಅಲ್ಲಿಗೆ ಹೋಗಿದ್ದ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಒಂದು ಮಾತು ಹೇಳುತ್ತಿರುತ್ತಾರೆ. ಕಾಲಿನ ಮೇಲೆ ಗೋಡೆ ಬಿದ್ದು ಮಧ್ಯಾಹ್ನದವರೆಗೆ ಸಿಕ್ಕಿಬಿದ್ದಿದ್ದವನೊಬ್ಬ ಚೆನ್ನಾಗಿ ಮಾತಾಡುತ್ತಿದ್ದನಂತೆ. ಕಲ್ಲು ತೆಗೆದರು, ಎಲ್ಲರೂ ದೇವರಿಗೆ ಕೈ ಮುಗಿದರು. ಸ್ವಲ್ಪ ಹೊತ್ತಿಗೆ ಅವನು ಹೋಗಿಬಿಟ್ಟ. "ಆಯುಷ್ಯ ಅಷ್ಟೇ ಇತ್ತು" ಎಂದು ಅವರು ಮೂವತ್ತು ವರ್ಷ ನಂಬಿದ್ದರು. ನಮ್ಮ ಅಕ್ಕಂದಿರು ಬೇರೆ ಸಾಧ್ಯತೆಯನ್ನೂ ಹೇಳಿದರು. ಗಂಟೆಗಟ್ಟಲೆ ಜಜ್ಜಿಹೋದ ಮಾಂಸಖಂಡದಲ್ಲಿ ಪೊಟ್ಯಾಶಿಯಂ ಮತ್ತಿತರ ವಿಷ ತುಂಬಿಕೊಂಡಿರುತ್ತದೆ. ಭಾರ ತೆಗೆದ ಕೂಡಲೆ ಅದು ರಕ್ತಕ್ಕೆ ನುಗ್ಗುತ್ತದೆ, ಹೃದಯ ನಿಲ್ಲಿಸಬಹುದು. ಅಲ್ಲಿ ಉಳಿದುಕೊಂಡರೆ ಮೂತ್ರಪಿಂಡ ಕೆಡಬಹುದು. 1941ರಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಅವಶೇಷಗಳಡಿ ಸಿಕ್ಕವರನ್ನು ನೋಡಿ ಡಾಕ್ಟರ್ ಬೈವಾಟರ್ಸ್ ಇದನ್ನು ವಿವರವಾಗಿ ಬರೆದರು. ಹಾಗಾಗಿ ಇಂಥವರಿಗೆ ಸಾಧ್ಯವಿದ್ದರೆ ಕಲ್ಲು ತೆಗೆಯುವ ಮುಂಚೆಯೇ ಸಲೈನ್ ಹಚ್ಚುತ್ತಾರೆ. ಅಲ್ಲಿ ಡಾಕ್ಟರ ಜೊತೆಗೆ ಮಂಡಿಯೂರಿ ಕೂತು, ಧೂಳಿನಲ್ಲಿ ನಾಳ ಹುಡುಕಿ ಸೂಜಿ ಹಾಕುವ ಒಬ್ಬ ನರ್ಸ್ ಬೇಕು.

ಭೂಕಂಪದ ನಂತರ 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎತ್ತಿ ಕಟ್ಟಿದರು. ಭೂಕಂಪ ತಡೆಯುವ ಮನೆ ಹೇಗಿರಬೇಕು ಎಂದು ಗೌಂಡಿಗಳಿಗೆ ತರಬೇತಿ ಕೊಟ್ಟರು. ಒಳ್ಳೆಯದೇ. ಗೋಡೆ ಕಟ್ಟುವವರಿಗೆ ಕಲಿಸಿದ ಹಾಗೆ, ಗೋಡೆ ಬಿದ್ದರೆ ಕೆಳಗಿರುವವರನ್ನು ಮುಟ್ಟುವುದು ಹೇಗೆ ಎಂದು ಊರೂರಿನ ಹುಡುಗ ಹುಡುಗಿಯರಿಗೂ ಕಲಿಸಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತದೆ. ಭೂಕಂಪ ಮತ್ತೆ ಬರದಿರಲಿ. ಕಬ್ಬಿನ ಟ್ರಾಲಿ ಮಾತ್ರ ಪ್ರತಿ ವರ್ಷ ಬರುತ್ತದೆ.

ಗಡಿಯಲ್ಲಿ ಇನ್ನೊಂದು ತೊಡಕಿದೆ, ಭಾಷೆ. ತಲೆಗೆ ಪೆಟ್ಟಾದವರ ಎಚ್ಚರ ಎಷ್ಟಿದೆ ಎಂದು ಅಳೆಯಲು ಗ್ಲಾಸ್ಗೋ ಅಂಕ ಎಂಬುದೊಂದಿದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್ಡೇಲ್ ಮತ್ತು ಜೆನ್ನೆಟ್ ಎಂಬ ಡಾಕ್ಟರುಗಳು 1974ರಲ್ಲಿ ಕೊಟ್ಟದ್ದು, ಇಂದು ಎಲ್ಲ ಕಡೆ ಬಳಕೆಯಲ್ಲಿದೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ತೀರಾ ಕಡಿಮೆ ಎಂದರೆ 3. ಅದರಲ್ಲಿ ಮಾತಿನ 5 ಅಂಕ ಸಿಗಬೇಕಾದರೆ ಗಾಯಾಳು ತನ್ನ ಹೆಸರು, ಇರುವ ಜಾಗ, ಹೊತ್ತು ಸರಿಯಾಗಿ ಹೇಳಬೇಕು. ಈಗ ಯೋಚಿಸಿ. ಔರಾದ ಕಡೆಯ ಅಜ್ಜ ಉದಗೀರಿನಲ್ಲಿ ಬಿದ್ದಿದ್ದಾನೆ. ನರ್ಸ್ ಮರಾಠಿಯಲ್ಲಿ ಕೇಳುತ್ತಾಳೆ, ಅಜ್ಜ ಕನ್ನಡದಲ್ಲಿ ಏನೋ ಹೇಳುತ್ತಾನೆ. ಅವನು ಸರಿಯಾಗಿ ಉತ್ತರ ಕೊಟ್ಟನೋ ಬಡಬಡಿಸಿದನೋ? ಭಾಷೆ ಬಾರದವಳಿಗೆ ಅದು ಹೇಗೆ ತಿಳಿಯಬೇಕು? ಲಂಬಾಣಿ ತಾಂಡಾದ ಹೆಂಗಸು ಬೀದರಿಗೆ ಬಂದರೂ ಇದೇ ಪಾಡು. ಅಂಕ ಒಂದೆರಡು ಕಡಿಮೆಯಾದರೆ ಇಡೀ ಚಿಕಿತ್ಸೆಯ ದಾರಿ ಬದಲಾಗಬಹುದು. ಅದಕ್ಕೇ ಗಡಿ ತಾಲೂಕುಗಳಲ್ಲಿ ಎರಡು ಮೂರು ಭಾಷೆ ಬಲ್ಲ ನರ್ಸ್ ಎಂದರೆ ಅವಳೇ ಒಂದು ಉಪಕರಣ ಎಂದು ನಾವು ಹೇಳುತ್ತೇವೆ. ಆ ರಾತ್ರಿ "ಹ್ಯಾಂಗ್ ಎತ್ತೀರಿ" ಎಂದು ಕೇಳಿದ ಸಿಸ್ಟರ್ ನಮ್ಮ ಗೆಳೆಯನ ಕಿವಿಯ ಹತ್ತಿರ ಬಗ್ಗಿ "ಕಾಲ್ ಬೆರಳ್ ಅಲ್ಲಾಡಸಪ್ಪಾ" ಎಂದಿದ್ದರು. ಅವನಿಗೆ ನೆನಪಿರುವುದು ಅದೊಂದೇ ಮಾತು.

ಕಾನೂನಿನ ಭಯವಂತೂ ನಮ್ಮಲ್ಲಿ ಇನ್ನೂ ಹೋಗಿಲ್ಲ. "ಮುಟ್ಟಬೇಡ, ಪೊಲೀಸ್ ಕೇಸ್ ಆಗ್ತದ" ಎಂದು ಕಾಕಾ ಮಾವಂದಿರು ಹೇಳುತ್ತಲೇ ಇರುತ್ತಾರೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. ಗಾಯಾಳುವಿಗೆ ನೆರವಾದವರನ್ನು ಕಾಡುವಂತಿಲ್ಲ ಎಂಬ ನಿಯಮಗಳಿಗೆ 2016ರಲ್ಲಿ ಅದೇ ಕೋರ್ಟ್ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿ ಅದು ದೇಶದ ಕಾನೂನೇ ಆಯಿತು. 2025ರಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಸಿಗುವ ಕೇಂದ್ರದ ಯೋಜನೆಯೂ ಬಂದಿದೆ. ಕಾಕಾಂದಿರಿಗೆ ಇದನ್ನು ಹೇಳಿ.

ಆ ಕಾನೂನನ್ನು ಎಲ್ಲರೂ ಕರೆಯುವುದು 'ಗುಡ್ ಸಮಾರಿಟನ್' ಎಂದೇ. ಜೆರಿಕೋ ದಾರಿಯ ಕಥೆ ನಮಗೆ ಬಾಯಿಪಾಠ. ಯಾಜಕ ದಾಟಿಹೋದ, ಲೇವಿಯ ದಾಟಿಹೋದ, ಸಮಾರಿಯದವನು ನಿಂತ. ಆದರೆ ಆ ಕಥೆಯಲ್ಲಿ ನಾವು ಯಾವತ್ತೂ ಗಮನಿಸದ ಒಬ್ಬನಿದ್ದಾನೆ, ಛತ್ರದವನು. ಸಮಾರಿಯದವನು ಮರುದಿನ ತನ್ನ ದಾರಿ ಹಿಡಿದ. ಗಾಯಾಳುವಿನ ಪಟ್ಟಿ ಬದಲಿಸಿ, ನೀರು ಕುಡಿಸಿ, ರಾತ್ರಿ ನರಳಿದಾಗ ಎದ್ದು ನೋಡಿದವನು ಛತ್ರದವನೇ ತಾನೆ? ಅವನ ಮೇಲೆ ಯಾರೂ ಪ್ರಬೋಧನೆ ಮಾಡಿದ್ದನ್ನು ನಾವು ಕೇಳಿಲ್ಲ. (ಫಾದರ್ ಓದುತ್ತಿದ್ದರೆ ಕ್ಷಮಿಸಲಿ.) ಇನ್ನೂ ಒಂದು ಮಾತು. ಸಮಾರಿಯದವನು ಅವನಿಗೆ ಬರೀ ಹೊಗಳಿಕೆ ಕೊಡಲಿಲ್ಲ. ಎರಡು ದಿನದ ಕೂಲಿಯಷ್ಟು ಹಣವನ್ನು ಮುಂಗಡ ಕೊಟ್ಟ, ಹೆಚ್ಚು ಖರ್ಚಾದರೆ ಬಂದು ತೀರಿಸುತ್ತೇನೆ ಎಂದ.

ನಾವು ನರ್ಸುಗಳಿಗೆ ಏನು ಕೊಡುತ್ತಿದ್ದೇವೆ? ಮೇ 12ರಂದು ಗುಲಾಬಿ ಹೂವು. ಐವತ್ತು ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಕವಾದ ಕೇಂದ್ರದ ಸಮಿತಿ 2016ರಲ್ಲೇ ಶಿಫಾರಸು ಮಾಡಿತು. ನಮ್ಮ ಧರ್ಮಕೇಂದ್ರದಲ್ಲಿ ಜಿಎನ್‌ಎಂ, ಬಿಎಸ್‌ಸಿ ನರ್ಸಿಂಗ್ ಮುಗಿಸಿ ಸಣ್ಣ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಅಕ್ಕಂದಿರನ್ನು ಕೇಳಿ ನೋಡಿ. ನಾವು ಕೇಳಿದಾಗ ಇಬ್ಬರು ನಕ್ಕರು, ಒಬ್ಬರು ಮಾತು ಬದಲಿಸಿದರು. ಹಾಗಿರುವಾಗ ಅವರು ಬೆಂಗಳೂರಿಗೋ ಗಲ್ಫಿಗೋ ಹೋದರೆ ತಪ್ಪು ಯಾರದು? ಹೋಗುವವರನ್ನು ನಾವು ಬೈಯುವುದಿಲ್ಲ. ತಮ್ಮಂದಿರ ಫೀಸು ಕಟ್ಟಬೇಕು, ಮನೆಯ ಸಾಲ ತೀರಬೇಕು. ಭಾರತೀಯ ಶುಶ್ರೂಷಾ ಪರಿಷತ್ತಿನಲ್ಲಿ ತುರ್ತು ಮತ್ತು ವಿಪತ್ತು ಶುಶ್ರೂಷೆಗೆಂದೇ ಒಂದು ವರ್ಷದ ಡಿಪ್ಲೊಮಾ ಇದೆ. ಅದನ್ನು ಓದಿ ಬಂದವಳು ಉಮರ್ಗಾದಲ್ಲೋ ಭಾಲ್ಕಿಯಲ್ಲೋ ನಿಲ್ಲಬೇಕೆಂದರೆ ಆ ಓದಿಗೆ ತಕ್ಕ ಸಂಬಳ ಬೇಕು, ರಾತ್ರಿ ಪಾಳಿಗೆ ಜೊತೆಗೊಬ್ಬರು ಬೇಕು, ಕುಡಿದು ಬಂದು ಮೇಜು ಗುದ್ದುವ ಸಂಬಂಧಿಕರಿಂದ ರಕ್ಷಣೆ ಬೇಕು. ಆ ಕೊನೆಯದರಲ್ಲಿ ನಮ್ಮ ಪಾಲೂ ಇದೆ. ಅಂದು ರಾತ್ರಿ ನಮ್ಮಲ್ಲೇ ಒಬ್ಬ "ಡಾಕ್ಟರ್ ಎಲ್ಲಿ, ನೀ ಯಾಕ್ ಮುಟ್ಟಾಕತ್ತಿ" ಎಂದು ಆ ಸಿಸ್ಟರ ಮೇಲೆ ಕೂಗಾಡಿದ್ದ. ಅವರು ತಲೆ ಎತ್ತಲಿಲ್ಲ. ಎರಡೂ ಕೈ ಗೆಳೆಯನ ಕುತ್ತಿಗೆ ಹಿಡಿದಿದ್ದವು.

ಪ್ರತಿ ವರ್ಷ ಯುವ ಸಮಾವೇಶಕ್ಕೆ ನಾವು ಟೀಶರ್ಟು, ಬ್ಯಾನರು, ಡಿಜೆ ಎಂದು ಹಣ ಕೂಡಿಸುತ್ತೇವೆ. ಈ ವರ್ಷ ಡಿಜೆ ಬೇಡ ಎಂದು ತೀರ್ಮಾನಿಸಿದ್ದೇವೆ. ಸ್ವಲ್ಪ ಜಗಳವೂ ಆಯಿತು, ಇರಲಿ. ಆ ಹಣದಲ್ಲಿ ಸ್ಟ್ರೆಚರ್ ಹಲಗೆ, ಕುತ್ತಿಗೆ ಪಟ್ಟಿ, ಗಾಯದ ಬಟ್ಟೆ ಕೊಂಡು ಹೆದ್ದಾರಿ ಪಕ್ಕದ ಎರಡು ಧಾಬಾಗಳಲ್ಲಿ ಇಡುತ್ತೇವೆ. ಧಾಬಾದವರು ಒಪ್ಪಿದ್ದಾರೆ. ಕಬ್ಬಿನ ಟ್ರಾಲಿಗಳಿಗೆ ಹಚ್ಚಲು ರೇಡಿಯಂ ಪಟ್ಟಿಯನ್ನೂ ತರುತ್ತೇವೆ.

ಅಷ್ಟರವರೆಗೆ ಅಕ್ಕಂದಿರು ಹೇಳಿಕೊಟ್ಟ ಇಷ್ಟು ತಿಳಿದಿರಲಿ. ಬೆಂಕಿಯೋ ಬರುವ ಗಾಡಿಯ ಭಯವೋ ಇದ್ದರೆ ಹೇಗಾದರೂ ಪಕ್ಕಕ್ಕೆ ಎಳೆಯಲೇಬೇಕು. ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಬಿದ್ದವರನ್ನು ಬಿದ್ದಲ್ಲೇ ಬಿಡಿ, ತಲೆಯ ಎರಡೂ ಪಕ್ಕ ಕೈ ಇಟ್ಟು ಅಲುಗಾಡದಂತೆ ಹಿಡಿಯಿರಿ. ಉಸಿರು ಕಟ್ಟುತ್ತಿಲ್ಲವಾದರೆ ಹೆಲ್ಮೆಟ್ ಎಳೆಯಬೇಡಿ. ರಕ್ತ ಬರುವಲ್ಲಿ ದುಪಟ್ಟಾನೋ ಟವೆಲ್ಲೋ ಮಡಚಿ ಇಟ್ಟು ಅಂಗೈಯಿಂದ ಒತ್ತಿ, ಹತ್ತು ನಿಮಿಷ ತೆಗೆದು ನೋಡಬೇಡಿ. ಅರಿಶಿಣ, ಚಹಾಪುಡಿ ಹಾಕಬೇಡಿ. ನೀರು ಕುಡಿಸಬೇಡಿ, ಎಚ್ಚರವಿಲ್ಲದವರಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕೂಗುತ್ತಿರುವವನು ಉಸಿರಾಡುತ್ತಿದ್ದಾನೆ ಎಂದರ್ಥ, ಸುಮ್ಮನೆ ಬಿದ್ದಿರುವವನನ್ನು ಮೊದಲು ನೋಡಿ. 108ಕ್ಕೆ ಕರೆ ಮಾಡುವಾಗ ಊರು ಗೊತ್ತಿಲ್ಲದಿದ್ದರೆ ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ, ಯಾವ ಊರಿನ ಕಡೆ ಹೊರಟಿದ್ದಿರಿ ಎಂದೂ ಹೇಳಿ. ಇಷ್ಟು ಹೇಳುವಷ್ಟು ಮರಾಠಿ ಕಲಿಯುವುದು ಕಷ್ಟವಲ್ಲ.

ಓದಿದರೆ ಸಾಲದು, ಕೈಗೆ ಬರಬೇಕು. ಬರುವ ತಿಂಗಳ ಎರಡನೆಯ ಭಾನುವಾರ ಬಲಿಪೂಜೆಯ ನಂತರ ಸಭಾಂಗಣದಲ್ಲಿ ಸೇರೋಣ. ನಮ್ಮ ಮೂವರು ನರ್ಸ್ ಅಕ್ಕಂದಿರು ಕಲಿಸುತ್ತಾರೆ. ಭಾಲ್ಕಿ ತವರಿನ ಆ ಸಿಸ್ಟರನ್ನೂ ಕರೆದಿದ್ದೇವೆ, ಪಾಳಿ ಇಲ್ಲದಿದ್ದರೆ ಬರುತ್ತೇನೆ ಎಂದಿದ್ದಾರೆ. ಮನೆಯಿಂದ ಒಂದೊಂದು ಹಳೆಯ ಚಾದರ ತನ್ನಿ. ಉಳಿದವರು ಬೆನ್ನು ತಿರುಚದಂತೆ ಹೊರಳಿಸಿ ಹಲಗೆಗೆ ಹಾಕುವುದನ್ನು ಅಂದು ಅಭ್ಯಾಸ ಮಾಡುತ್ತೇವೆ. ಒಬ್ಬ ತಲೆ, ಒಬ್ಬ ಹೆಗಲು, ಒಬ್ಬ ಸೊಂಟ, ಒಬ್ಬ ಮೊಣಕಾಲು ಹಿಡಿಯಬೇಕು, ಎಲ್ಲರೂ ಒಂದೇ ಎಣಿಕೆಗೆ ಹೊರಳಿಸಬೇಕು. ನಮ್ಮ ಗೆಳೆಯನೂ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಒಂದು ಎರಡು ಮೂರು ಎಣಿಸುವ ಕೆಲಸ ತನಗೇ ಇರಲಿ ಎಂದು ಹೇಳಿದ್ದಾನೆ.